ತಾಯಲೂರಿನ ಐದು ನಕ್ಷತ್ರ

ಬೆಳಗಿನ ಬಸ್ಸಿಗೆ ಮಾಲೂರು ಬಿಟ್ಟೆವು, ನಾನು ಮತ್ತು ನನ್ನ ತಮ್ಮ ಸೀನ. ನನಗೆ ಟಿಕೆಟ್ ಉಚಿತ, ದುಡ್ಡು ಅವನಿಗೆ ಮಾತ್ರ. ಕಾಮಾಲೆಯಿಂದ ಅವನ ಕಣ್ಣು ಅರಿಶಿನ ಬಳಿದಂತಾಗಿತ್ತು. ಕೋಲಾರದ ಆಸ್ಪತ್ರೆಗೆ ಸೇರಿಸಿ ಎಂದು ನಮ್ಮೂರಿನ ಡಾಕ್ಟರು ವಾರದ ಹಿಂದೆಯೇ ಹೇಳಿದ್ದರು. ನಾನೋ, ತಾಯಲೂರಿನ ಹತ್ತಿರ ನಾಟಿ ಮದ್ದು ಕೊಡುವ ಪಂಡಿತರೊಬ್ಬರನ್ನು ಮೊಬೈಲಿನಲ್ಲಿ ಹುಡುಕಿದ್ದೆ. ಮ್ಯಾಪಿನಲ್ಲಿ ಅವರ ಮನೆಗೆ ಐದಕ್ಕೆ ಐದು ನಕ್ಷತ್ರ. “ಮಗಳಿಗೆ ಕಾಮಾಲೆ ಆಗಿತ್ತು, ಹೋಗಿದ್ದೆವು. ದೇವರಂಥ ಮನುಷ್ಯರು” ಎಂದು ಒಬ್ಬರು ಬರೆದಿದ್ದರು. ಇಷ್ಟು ಜನ ಸೇರಿ ಸುಳ್ಳು ಹೇಳುತ್ತಾರೆಯೇ?

“ನಮ್ಮೂರ ಹೋಟ್ಲಿಗೂ ಇಷ್ಟು ಸ್ಟಾರ್ ಇಲ್ಲ ಕಣೇ ಅಕ್ಕ” ಎಂದು ಸೀನ ನಕ್ಕ.

ಕೋಲಾರದಲ್ಲಿ ಇಳಿದರೂ ಆಸ್ಪತ್ರೆಯ ಕಡೆ ಹೋಗದೆ ಮುಳಬಾಗಿಲಿನ ಬಸ್ಸು ಹತ್ತಿದೆವು. ಅಲ್ಲಿಂದ ತಾಯಲೂರಿಗೆ ಇನ್ನೊಂದು ಬಸ್ಸು. ಬಿಸಿಲು ಚುರುಗುಟ್ಟುತ್ತಿತ್ತು. ಪಂಡಿತರು ಸೊಪ್ಪು ಅರೆದು ಹಾಲಿನಲ್ಲಿ ಕುಡಿಸಿದರು. ಕಾಸು ಮುಟ್ಟಲಿಲ್ಲ. ಅವರ ಹೆಂಡತಿ ಮಜ್ಜಿಗೆ ಅನ್ನ ಬಡಿಸಿ ಸೀನನ ತಲೆ ಸವರಿದರು.

ವಾಪಸು ಬಸ್ಸಿಗೆ ಕಾಯುವಾಗ, ಟೊಮೆಟೊ ಬಾಕ್ಸುಗಳ ಪಕ್ಕ ಕೂತಿದ್ದ ರೈತರೊಬ್ಬರು ಮಾತಿಗೆ ಸಿಕ್ಕರು. ಮೊಬೈಲಿನಲ್ಲಿ ಆ ಬರಹ ತೋರಿಸಿದೆ.

“ಅದು ನಾನೇ ಬರ್ದಿದ್ದು ಕಣಮ್ಮ.”

“ಮಗಳು ಈಗ ಹೆಂಗಿದ್ದಾಳೆ ಅಣ್ಣ?”

“ಇಲ್ಲಮ್ಮ. ಹೋಗ್ಬಿಟ್ಳು.”

“ಮತ್ತೆ ಐದು ಸ್ಟಾರ್ ಯಾಕಣ್ಣ ಕೊಟ್ರಿ?”

“ಉಂಡ ಮನೆ ಜಂತೆ ಎಣಿಸ್ತಾರೇನಮ್ಮ? ಮಣ್ಣಿಗೂ ಬಂದು ನಮ್ಜೊತೆ ಅತ್ರು ಆವಯ್ಯ. ಅಂಥೋರಿಗೆ ಕಡಿಮೆ ಹಾಕೋಕೆ ಮನಸ್ಸು ಬರುತ್ತಾ?”

ಬಸ್ಸಿನಲ್ಲಿ ಕೂತು ಎಲ್ಲರ ಬರಹವನ್ನೂ ಮತ್ತೆ ಓದಿದೆ. ಒಳ್ಳೆಯ ಮಾತು, ಒಳ್ಳೆಯ ಊಟ, ಗಾಡಿ ನಿಲ್ಲಿಸಲು ನೆರಳು. ವಾಸಿಯಾಯಿತು ಎಂದು ಒಬ್ಬರೂ ಬರೆದಿರಲಿಲ್ಲ. ಅಯ್ಯೋ, ಇಷ್ಟು ಓದಲು ನನಗೇನು ದಾಡಿಯಾಗಿತ್ತು! ಸೀನ ನನ್ನ ಹೆಗಲ ಮೇಲೆ ನಿದ್ದೆ ಮಾಡುತ್ತಿದ್ದ. ನೇರ ಕೋಲಾರದ ಆಸ್ಪತ್ರೆಗೆ ಸೇರಿಸಿದೆ. “ಲಿವರ್ ಪೂರ್ತಿ ಕೆಟ್ಟಿದೆ, ಮುಂಚೆನೇ ಕರ್ಕೊಂಡ್ ಬರ್ಬೇಕಿತ್ತು” ಎಂದರು ಅಲ್ಲಿನ ಡಾಕ್ಟರು.

ಅವನ ದೇಹವನ್ನು ಮಾಲೂರಿಗೆ ಆಂಬುಲೆನ್ಸಿನಲ್ಲಿ ತಂದೆವು. ಸುದ್ದಿ ತಿಳಿದು ಪಂಡಿತರು ಮೂರು ಬಸ್ಸು ಬದಲಿಸಿ ಬಂದರು. ನನ್ನ ಕೈ ಹಿಡಿದು ಮಗುವಿನ ಹಾಗೆ ಅತ್ತರು. ಬೈಯಬೇಕೆಂದಿದ್ದೆ, ನೀರು ತಂದುಕೊಟ್ಟೆ.

ತಿಥಿ ಕಳೆದ ಮೇಲೆ, ತಾಯಲೂರಿನ ಭೇಟಿ ಹೇಗಿತ್ತು ಎಂದು ಮೊಬೈಲು ಕೇಳಿತು. ನಕ್ಷತ್ರ ಒತ್ತದೆ ಬರೆಯಲು ಬಿಡಲಿಲ್ಲ. ಐದನ್ನೂ ಒತ್ತಿದೆ. ಕೆಳಗೆ ಬರೆದೆ: “ಒಳ್ಳೆಯ ಮನುಷ್ಯರು. ಊಟ ಹಾಕಿದರು. ನನ್ನ ತಮ್ಮ ಉಳಿಯಲಿಲ್ಲ.”