ಮೊದಲು ಯಾರಿಗೆ ಹೇಳಿದ ಮಾತು

ಅಯ್ಯನವರ ಎಡಗಣ್ಣಿನ ರೆಪ್ಪೆ ಯಾವಾಗಲೂ ಅರ್ಧ ಇಳಿದೇ ಇರುತ್ತಿತ್ತು. ಹುಟ್ಟಿನಿಂದ ಬಂದದ್ದಂತೆ. ಏನನ್ನಾದರೂ ಗಮನವಿಟ್ಟು ಓದಬೇಕಾದಾಗ ಎಡಗೈ ಬೆರಳಿನಿಂದ ಆ ರೆಪ್ಪೆಯನ್ನು ಮೇಲಕ್ಕೆತ್ತಿ ಹಿಡಿದುಕೊಂಡು, ಬಲಗೈ ಬೆರಳನ್ನು ಹಾಳೆಯ ಮೇಲೆ ಬಲದಿಂದ ಎಡಕ್ಕೆ ಸರಿಸುತ್ತಿದ್ದರು. ಹಿಬ್ರೂ ಭಾಷೆಯನ್ನು ಓದುವುದೇ ಹಾಗೆ ಎಂದು ನಮಗೆ ತಿಳಿದದ್ದು ಆಮೇಲೆ. ಪಾಪ, ಇವರಿಗೆ ಕಣ್ಣಿನ ತೊಂದರೆಯಿಂದ ಸಾಲು ಉಲ್ಟಾ ಕಾಣುತ್ತದೆ ಎಂದೇ ಸಂಡೇ ಸ್ಕೂಲಿನ ನಾವೆಲ್ಲ ಅಂದುಕೊಂಡಿದ್ದೆವು.

ರಾಜಾಜಿನಗರದ ನಮ್ಮ ಚರ್ಚಿಗೆ ಅವರು ಪಾದ್ರಿಯಾಗಿ ಬಂದಾಗ ನಾನು ಹೈಸ್ಕೂಲಿನಲ್ಲಿದ್ದೆ, ಅಕ್ಕ ಕಾಲೇಜಿನಲ್ಲಿ. ಪಾದ್ರಿಯನ್ನು ನಮ್ಮಲ್ಲಿ ಅಯ್ಯನವರು ಎಂದೇ ಕರೆಯುವುದು. ಅದಕ್ಕೂ ಮೊದಲು ಅವರು ಪಾದ್ರಿಗಳಾಗುವವರಿಗೆ ಹಿಬ್ರೂ ಕಲಿಸುವ ಮೇಷ್ಟರಾಗಿದ್ದರು. ಮೇಷ್ಟರತನ ಅವರನ್ನು ಬಿಟ್ಟು ಹೋಗಲೇ ಇಲ್ಲ. ಯಾವ ವಾಕ್ಯ ಓದಿದರೂ, "ಮೊದ್ಲು ಇದನ್ನ ಯಾರಿಗೆ ಹೇಳಿದ್ದು? ಅದನ್ನ ಕೇಳಿ. ಆಮೇಲೆ ನಮಗೆ ಏನು ಅಂತ ನೋಡೋಣ" ಎನ್ನುತ್ತಿದ್ದರು.

ಒಂದು ಕ್ರಿಸ್‌ಮಸ್ಸಿನ ಪ್ರಸಂಗ ನನಗೆ ಚೆನ್ನಾಗಿ ನೆನಪಿದೆ. ಕನ್ಯೆಯೊಬ್ಬಳು ಮಗುವನ್ನು ಹೆರುವಳು ಎಂಬ ಪ್ರವಾದಿ ಯೆಶಾಯನ ಮಾತನ್ನು ಎಲ್ಲ ಚರ್ಚುಗಳಲ್ಲೂ ಓದುವ ಹೊತ್ತು. ಇವರು, ಹಿಬ್ರೂವಿನಲ್ಲಿರುವ ಪದಕ್ಕೆ ಪ್ರಾಯದ ಹೆಣ್ಣು ಎಂದಷ್ಟೇ ಅರ್ಥ ಎಂದು ಶುರುಮಾಡಿದರು. ಶತ್ರುಗಳು ದಂಡೆತ್ತಿ ಬರುತ್ತಿರುವಾಗ ಹೆದರಿ ನಡುಗುತ್ತಿದ್ದ ಒಬ್ಬ ಅರಸನಿಗೆ ಪ್ರವಾದಿ ಹೇಳಿದ ಧೈರ್ಯದ ಮಾತು ಅದು. ಹುಟ್ಟಲಿರುವ ಮಗುವಿಗೆ ಒಳ್ಳೆಯದು ಕೆಟ್ಟದ್ದು ತಿಳಿಯುವಷ್ಟರಲ್ಲಿ ಈ ಶತ್ರುಗಳು ಇರುವುದಿಲ್ಲ ಎಂದು. ಶತಮಾನಗಳು ಕಳೆದ ಮೇಲೆ ಯೇಸುವನ್ನು ನಂಬಿದವರು ಅದೇ ಮಾತಿನಲ್ಲಿ ಯೇಸುವನ್ನು ಕಂಡರು. ಇಷ್ಟು ಹೇಳಿದ್ದಕ್ಕೆ ಸಭೆಯ ಹಿರಿಯರೊಬ್ಬರು ಅಂಗಳದಲ್ಲೇ ಅವರನ್ನು ತಡೆದು ನಿಲ್ಲಿಸಿದರು.

"ಹಾಗಾದ್ರೆ ಅದು ಯೇಸುಸ್ವಾಮಿ ಬಗ್ಗೆ ಅಲ್ವಾ ಅಯ್ಯನೋರೇ?"

"ನಮಗೆ ಅವರ ಬಗ್ಗೇನೇ. ಆದ್ರೆ ಆ ಪುಸ್ತಕಾನ ಒಂದು ಮನೆ ಅಂದ್ಕೊಳ್ಳಿ, ಅದನ್ನ ಕಟ್ಟಿದೋರು ಯೆಹೂದ್ಯರು. ಇವತ್ತೂ ಅದರಲ್ಲೇ ವಾಸವಾಗಿದಾರೆ. ನಾವು ಮಹಡಿ ಮೇಲೆ ಬಾಡಿಗೆಗೆ ಬಂದೋರು. ಕೆಳಗಡೆ ಇರೋರಿಗೆ ಕಣ್ಣಿಲ್ಲ ಅನ್ನೋಕಾಗುತ್ತಾ?"

ಹಿರಿಯರು ನಗಲಿಲ್ಲ. ಪಕ್ಕದಲ್ಲಿದ್ದ ಅಕ್ಕ ನಕ್ಕಳು. ಅವಳಿಗೆ ಅಯ್ಯನವರೆಂದರೆ ಆಗಿನಿಂದಲೂ ಪ್ರಾಣ. ಮುಂದೆ ನಂದಿನಿ ಲೇಔಟಿನ ಶಾಲೆಯೊಂದರಲ್ಲಿ ಗಣಿತದ ಟೀಚರ್ ಆದ ಮೇಲೂ, ಯಾವ ತಕರಾರು ಬಂದರೂ "ಅಯ್ಯನೋರು ಏನಂತಾರೆ ಕೇಳೋಣ" ಎಂಬುದೇ ಅವಳ ಕೊನೆಯ ಮಾತು. ಅವರು ಬೇರೆ ಊರುಗಳಿಗೆ ವರ್ಗವಾಗಿ, ನಿವೃತ್ತಿಯ ಮುಂಚೆ ಮತ್ತೆ ನಮ್ಮ ಚರ್ಚಿಗೇ ಬಂದಾಗ ಅವಳಿಗಾದ ಸಂತೋಷ ಹೇಳತೀರದು.

ಅವರು ಬಂದ ವರ್ಷವೇ ಅಕ್ಕನ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಕ್ಯಾನ್ಸರ್ ಎಂದು ಖಚಿತವಾಯಿತು. ಇನ್ನೂ ಶುರುವಿನಲ್ಲಿದೆ, ಈಗಲೇ ಆಪರೇಷನ್ ಮಾಡಿದರೆ ಭಯವಿಲ್ಲ ಎಂದರು ಡಾಕ್ಟರು. ಆದರೆ ನಮ್ಮ ಅಮ್ಮ ಅದೇ ಕಾಯಿಲೆಯಲ್ಲಿ, ಆಪರೇಷನ್ ಆದ ಮೇಲೆ ತಿಂಗಳುಗಟ್ಟಲೆ ನರಳಿ ಹೋಗಿದ್ದಳು. ಅವಳ ಆರೈಕೆ ಮಾಡಿದ್ದು ಅಕ್ಕನೇ. ಆಸ್ಪತ್ರೆಯಿಂದ ಬಸವೇಶ್ವರನಗರದ ಮನೆಗೆ ಬರುವ ಆಟೋದಲ್ಲಿ ಅವಳು, ಅಮ್ಮನ ಗತಿಯೇ ನನಗೂ ಎಂದಳು. ಮರುವಾರ ಸಹೋದ್ಯೋಗಿಯೊಬ್ಬಳು ಅವಳನ್ನು ಹೇರೋಹಳ್ಳಿಯ ಒಂದು ಪ್ರಾರ್ಥನಾ ಮಂದಿರಕ್ಕೆ ಕರೆದುಕೊಂಡು ಹೋದಳು. ಅಲ್ಲಿಂದ ಅಕ್ಕ ಬಂದಾಗ ಮುಖದ ಮೇಲಿನ ಭಯ ಹೋಗಿತ್ತು. ದೇವರು ಆಗಲೇ ವಾಸಿಮಾಡಿದ್ದಾನೆಂದು ಅಲ್ಲಿನ ಬೋಧಕ ಹೇಳಿದನಂತೆ, ಆಪರೇಷನ್ ಬೇಡ ಎಂದಳು.

ನಾನು ಅತ್ತು, ಜಗಳವಾಡಿದೆ. ಕೊನೆಗೆ ಅಯ್ಯನವರಿಗೆ ಹೇಳಿದೆ. ಅಂದು ಮಧ್ಯಾಹ್ನವೇ ಬಿಸಿಲಲ್ಲಿ ನಡೆದುಕೊಂಡು ಬಂದರು.

ಅಕ್ಕ ಬೈಬಲ್ ತೆರೆದಿಟ್ಟುಕೊಂಡೇ ಕೂತಿದ್ದಳು. ನರಳುವ ಸೇವಕನೊಬ್ಬನ ಬಗ್ಗೆ ಪ್ರವಾದಿ ಹೇಳಿರುವ ಭಾಗ. ಅವನು ತಿಂದ ಏಟುಗಳಿಂದ ನಮಗೆ ವಾಸಿಯಾಯಿತು ಎಂದು ಬರುತ್ತದಲ್ಲ, ಅದು.

"ಅಯ್ಯನೋರೇ, ವಾಸಿ ಆಯ್ತು ಅಂತಿದೆ. ಆಗುತ್ತೆ ಅಂತ ಅಲ್ಲ. ಹಿಬ್ರೂನಲ್ಲೂ ಹಾಗೇ ಇದೆಯಾ?"

"ಇದೆ ಮಗಳೇ."

"ಮತ್ತೆ?"

ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಊರು ಸುಟ್ಟುಹೋಗಿ, ಬಾಬೆಲ್ ಎಂಬ ಪರದೇಶಕ್ಕೆ ಸೆರೆಯಾಗಿ ಹೋದ ಜನಕ್ಕೆ ಹೇಳಿದ ಮಾತು ಅದು ಎಂದರು. ಆ ಸೇವಕ ಎಂದರೆ ಪೆಟ್ಟು ತಿಂದ ತಮ್ಮ ಜನಾಂಗವೇ ಎಂದು ಯೆಹೂದ್ಯರಲ್ಲಿ ಬಹಳ ಜನ ಓದುತ್ತಾರೆ. ಶಿಲುಬೆಯ ಮೇಲಿದ್ದವನು ಎಂದು ನಾವು ಓದುತ್ತೇವೆ. ಹೇಗೆ ಓದಿದರೂ ಅದು ಮುರಿದ ಜನರನ್ನು ಮತ್ತೆ ಎತ್ತಿ ನಿಲ್ಲಿಸುವ ಮಾತು, ಗಂಟು ಕರಗಿಸುವ ಕರಾರಲ್ಲ. ಇದನ್ನೆಲ್ಲ ನಿಧಾನವಾಗಿ, ಪಾಠ ಮಾಡುವವರಂತೆ ಬಿಡಿಸಿ ಹೇಳಿದರು. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ಒಂದೇ ಪ್ರಶ್ನೆ ಅಯ್ಯನೋರೇ. ದೇವರು ಇದನ್ನ ನನಗೆ ಹೇಳಿದಾನಾ, ಇಲ್ವಾ?"

ಅವರ ಬಾಯಿಂದ ಒಂದು ಮಾತು ಬರಲಿ ಎಂದು ನಾನು ಅಡುಗೆಮನೆ ಬಾಗಿಲಲ್ಲಿ ನಿಂತು ಮನಸ್ಸಿನಲ್ಲೇ ಬೇಡಿಕೊಳ್ಳುತ್ತಿದ್ದೆ.

"ಗೊತ್ತಿಲ್ಲ ಮಗಳೇ," ಎಂದರು. "ಅದು ನನಗೆ ಗೊತ್ತಿಲ್ಲ. ಈಗ ತೆಗೆಸಿದ್ರೆ ನೀನು ಉಳೀತೀಯ ಅಂತ ಡಾಕ್ಟ್ರು ಹೇಳ್ತಾರೆ. ಅಷ್ಟು ಮಾತ್ರ ಗೊತ್ತು."

"ಹೇರೋಹಳ್ಳೀಲಿ ಅವರಿಗೆ ಗೊತ್ತು," ಎಂದಳು ಅಕ್ಕ. ಕೋಪದಿಂದ ಹೇಳಲಿಲ್ಲ. ಅವರ ಬಗ್ಗೆ ಕನಿಕರಪಟ್ಟಂತೆ ಹೇಳಿದಳು.

ಆಗ ಅಯ್ಯನವರು ಎದ್ದು ನಿಂತು ಅವಳಿಗೆ ಕೈಮುಗಿದರು. "ನಿನ್ನ ದಮ್ಮಯ್ಯ ಕಣಮ್ಮ." ತಲೆ ನರೆತ ಮನುಷ್ಯ, ನಮ್ಮಿಬ್ಬರಿಗೂ ಪಾಠ ಹೇಳಿ ಸಭೆಯ ಪೂರ್ಣ ಸದಸ್ಯರನ್ನಾಗಿ ಸೇರಿಸಿಕೊಂಡವರು. ಅಕ್ಕ ಗಾಬರಿಯಾಗಿ ಅವರ ಕೈಗಳನ್ನು ಹಿಡಿದು ಕೆಳಗಿಳಿಸಿದಳು. ಮನಸ್ಸನ್ನು ಮಾತ್ರ ಬದಲಾಯಿಸಲಿಲ್ಲ.

ಅವರು ಸುಮ್ಮನಾಗಲಿಲ್ಲ. ಗುಂಡಿಬಿದ್ದ ರಸ್ತೆಯಲ್ಲಿ ಆಟೋ ಹಿಡಿದು ಹೇರೋಹಳ್ಳಿಗೇ ಹೋದರು. ಹೊಸ ಸೈಟುಗಳ ನಡುವೆ ಶೀಟು ಹೊದಿಸಿದ ಆ ಪ್ರಾರ್ಥನಾ ಮಂದಿರದಲ್ಲಿ ಬೋಧಕ ಅವರಿಗೆ ಟೀ ಕೊಟ್ಟು ಕೂರಿಸಿದನಂತೆ. ಆಪರೇಷನ್ನಿಗೆ ಹೋಗು ಎಂದು ನೀವೊಂದು ಮಾತು ಹೇಳಿದರೆ ಅವಳು ಕೇಳುತ್ತಾಳೆ ಎಂದು ಇವರು ಕೇಳಿಕೊಂಡರು. ಅವನು ತನ್ನ ಮಗ ಸಾಯುವ ಜ್ವರದಿಂದ ಎದ್ದು ಕೂತ ಕಥೆ ಹೇಳುತ್ತ ಅತ್ತುಬಿಟ್ಟನಂತೆ. "ನೀವು ತುಂಬಾ ಓದಿದೀರಿ ಅಯ್ಯನೋರೇ, ಅದಕ್ಕೇ ನಿಮಗೆ ಕಷ್ಟ" ಎಂದನಂತೆ.

ನಮ್ಮ ಮನೆಯ ಮೆಟ್ಟಿಲ ಮೇಲೆ ಕೂತು ಇದನ್ನು ನನಗೆ ಹೇಳುವಾಗ ಅವರ ಷರ್ಟು ಬೆವರಿನಿಂದ ಬೆನ್ನಿಗೆ ಅಂಟಿತ್ತು. "ಮೋಸಗಾರ ಆಗಿದ್ರೆ ಜಗಳ ಆಡ್ತಿದ್ದೆ ಕಣಮ್ಮ. ಅವನು ನಿಜವಾಗ್ಲೂ ನಂಬಿದಾನೆ. ನಂಬಿರೋನ ಹತ್ರ ಏನಂತ ಜಗಳ ಆಡ್ಲಿ?"

ಅಕ್ಕನಿಗೆ ಬೆನ್ನುನೋವು ಶುರುವಾದಾಗ ಮತ್ತೆ ಆಸ್ಪತ್ರೆಗೆ ಹೋದೆವು. ಮೂಳೆಗೆ ಹಬ್ಬಿತ್ತು. ಇನ್ನು ಆಪರೇಷನ್ನಿನಿಂದ ಪ್ರಯೋಜನವಿಲ್ಲ, ನೋವು ಕಡಿಮೆ ಮಾಡಬಹುದು, ಸ್ವಲ್ಪ ಕಾಲ ಮುಂದೂಡಬಹುದು ಎಂದರು. ಹೇರೋಹಳ್ಳಿಯವರು ಬಂದು ಗಟ್ಟಿಯಾಗಿ ಪ್ರಾರ್ಥಿಸಿದರು, ಆಮೇಲೆ ಬರುವುದು ಕಡಿಮೆಯಾಯಿತು. ಅವಳ ನಂಬಿಕೆಯಲ್ಲಿ ಎಲ್ಲೋ ಬಿರುಕಿತ್ತು ಎಂದು ಯಾರೋ ಅಂದದ್ದು ಅವಳ ಕಿವಿಗೂ ಬಿತ್ತು. ಅದು ಅವಳಿಗೆ ಮೂಳೆಯ ನೋವಿಗಿಂತ ಹೆಚ್ಚಾಯಿತು.

ಅಯ್ಯನವರು ಬರುತ್ತಲೇ ಇದ್ದರು. ಮೂಸಂಬಿ ಸುಲಿದು, ನಾರು ತೆಗೆದು, ತೊಳೆಯನ್ನು ಒಂದೊಂದಾಗಿ ಅವಳ ಕೈಗೆ ಕೊಡುತ್ತಿದ್ದರು. ತಾವಾಗಿ ಬೈಬಲ್ ತೆಗೆಯುತ್ತಿರಲಿಲ್ಲ. ಒಂದು ಸಂಜೆ ಅವಳೇ ಕೇಳಿದಳು.

"ಆ ಮಾತು ಸುಳ್ಳಾ ಅಯ್ಯನೋರೇ?"

"ಸುಳ್ಳಲ್ಲ. ಆದ್ರೆ ಅದರಲ್ಲಿರೋ ಆ ಸೇವಕ ಇದಾನಲ್ಲ, ಅವನಿಗೇ ವಾಸಿ ಆಗ್ಲಿಲ್ಲ ಮಗಳೇ. ಅವನೂ ಸತ್ತ."

ಅಕ್ಕ ಗೋಡೆಯ ಕಡೆ ತಿರುಗಿಕೊಂಡಳು. ನನಗೆ ಅವರ ಮೇಲೆ ಸಿಟ್ಟು ಬಂತು. ಸಾಯುವವಳ ಮುಂದೆಯೂ ಈ ಮನುಷ್ಯನಿಗೆ ಇದ್ದದ್ದನ್ನು ಇದ್ದಂತೆ ಹೇಳದಿದ್ದರೆ ಆಗುವುದಿಲ್ಲವೇ ಎನ್ನಿಸಿತು. ಎಷ್ಟೋ ಹೊತ್ತಿನ ಮೇಲೆ ಅವಳು ತಿರುಗದೆಯೇ ಹೇಳಿದಳು: "ಅದನ್ನ ಹಿಬ್ರೂನಲ್ಲಿ ಓದಿ. ಅರ್ಥ ಬೇಡ. ಬರೀ ಓದಿ."

ಅವರು ಬ್ಯಾಗಿನಿಂದ ಹಳೆಯ ಪುಸ್ತಕ ತೆಗೆದರು. ಗಂಟಲಿನಾಳದಿಂದ ಬರುವ, ನಮಗೆ ತಿಳಿಯದ ಶಬ್ದಗಳು ಕೋಣೆಯನ್ನು ತುಂಬಿದವು. ಮುಗಿಸಿ, ಮತ್ತೆ ಮೊದಲಿನಿಂದ ಓದಿದರು. ಅಕ್ಕ ನಿದ್ದೆಹೋದಳು. ಬಹಳ ದಿನಗಳ ಮೇಲೆ ಬಂದ ನೆಮ್ಮದಿಯ ನಿದ್ದೆ. ಆಮೇಲೆ ಅವಳು ಹೆಚ್ಚು ದಿನ ಇರಲಿಲ್ಲ. ಸಮಾಧಿಯ ಬಳಿ ಪ್ರಾರ್ಥನೆ ಶುರುಮಾಡಿದ ಅಯ್ಯನವರಿಗೆ ಮಾತು ಮುಂದೆ ಹೋಗಲಿಲ್ಲ. ಹಿರಿಯರೊಬ್ಬರು ಮುಗಿಸಿದರು.

ನಿವೃತ್ತರಾಗಿ ಅವರು ಕೆಂಗೇರಿ ಉಪನಗರದಲ್ಲಿ ಮನೆ ಮಾಡಿದರು. ನಾನು ಆಗಾಗ ಮೆಟ್ರೋದಲ್ಲಿ ಹೋಗಿ ಬರುತ್ತಿದ್ದೆ. ಕೊನೆಯ ಸಲ ಹೋದಾಗ ತೀರ ಬಡವಾಗಿದ್ದರು. ಅವರ ಹೆಂಡತಿ ಕಾಫಿ ಕೊಟ್ಟು ಒಳಗೆ ಹೋದ ಮೇಲೆ ಇದ್ದಕ್ಕಿದ್ದಂತೆ ಹೇಳಿದರು:

"ಅವತ್ತು ನಾನು ಹೌದು ಅನ್ನಬೇಕಾಗಿತ್ತು. ಹೌದು ಮಗಳೇ, ದೇವರು ನಿನಗೇ ಹೇಳಿದಾನೆ, ಡಾಕ್ಟ್ರ ಕೈಯಿಂದ ವಾಸಿ ಮಾಡ್ತಾನೆ, ಹೋಗು, ಅಂತ. ಒಂದು ಮಾತು. ನನ್ನ ವ್ಯಾಕರಣ ಬಿಟ್ಟು ಅಷ್ಟು ಅಂದಿದ್ರೆ ಅವಳು ಆಪರೇಷನ್ ಮಾಡಿಸ್ಕೊತಿದ್ಲಾ?"

ಅವರು ನನ್ನನ್ನೇ ನೋಡುತ್ತಿದ್ದರು. ನನಗೆ ಉತ್ತರ ಗೊತ್ತಿತ್ತು. ಅಕ್ಕನನ್ನು ಅವರಿಗಿಂತ ಚೆನ್ನಾಗಿ ಬಲ್ಲವಳು ನಾನು. ಅಯ್ಯನವರು ಹೌದು ಎಂದಿದ್ದರೆ ಆ ಸಂಜೆಯೇ ಅವಳು ಆಸ್ಪತ್ರೆಗೆ ಹೊರಡುತ್ತಿದ್ದಳು.

"ಇಲ್ಲ ಅಯ್ಯನೋರೇ," ಎಂದೆ. "ಅವಳ ಹಟ ನಿಮಗೆ ಗೊತ್ತಲ್ಲ. ನೀವು ಏನಂದಿದ್ರೂ ಕೇಳ್ತಿರಲಿಲ್ಲ."

"ಹೌದಾ?"

"ಹೌದು."

ತಣ್ಣಗಾಗಿದ್ದ ಕಾಫಿಯನ್ನು ಪೂರ್ತಿ ಕುಡಿದು ಲೋಟ ಕೆಳಗಿಟ್ಟರು. ಆ ತಿಂಗಳು ಮುಗಿಯುವ ಮೊದಲೇ ಅವರು ಹೋದರು, ನಿದ್ದೆಯಲ್ಲಿ. ನಾನು ಹೋಗಿ ಬಂದ ಮೇಲೆ ಚೆನ್ನಾಗಿ ಊಟ ಮಾಡುತ್ತಿದ್ದರು ಎಂದು ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡು ಹೇಳಿದರು.