ಹಾಲ್‌ನಲ್ಲೊಂದು ಹಿತ್ತಾಳೆ ಜಾಲಿ

ನಮ್ಮ ಮನೆಯ ಹಾಲ್‌ನಲ್ಲಿ ಒಂದು ಜಾಲಿಗಿಡ ತಲೆಕೆಳಗಾಗಿ ತೂಗುತ್ತಿದೆ. ಹೈದರಾಬಾದಿನಿಂದ ತರಿಸಿದ ಹಿತ್ತಾಳೆಯ ದೀಪಶಿಲ್ಪ. ಜೇವರ್ಗಿಯ ಸುತ್ತ ಯಾವ ಬದು ಹತ್ತಿದರೂ ಜಾಲಿಮುಳ್ಳು ಕಾಲಿಗೆ ಚುಚ್ಚುತ್ತದೆ. ಅಂಥಲ್ಲಿ ರೊಕ್ಕ ಕೊಟ್ಟು ಜಾಲಿ ತರಿಸಿದ ಮೊದಲ ಬುದ್ಧಿವಂತ ನಾನೇ ಇರಬೇಕು. "ಹೊಲದಾಗ ಕಡಿದು ಒಗೀತೀರಿ, ಮನ್ಯಾಗ ತಂದು ನೇತು ಹಾಕ್ತೀರಿ. ನಿಮ್ಮ ತಲಿ ನೆಟ್ಟಗ ಅದ ಏನ್ರಿ?" ಎಂದು ಹೆಂಡತಿ ಕೇಳಿದಳು. ಕಾಲೇಜಿನಲ್ಲಿ ಇತಿಹಾಸ ಹೇಳುವವನಿಗೆ ಉತ್ತರಕ್ಕೇನು ಬರ? ಕಲೆ, ಸಂಸ್ಕೃತಿ ಎಂದು ಒಂದು ತಾಸು ಕೊರೆದೆ. ಅವಳು ಅರ್ಧಕ್ಕೇ ಎದ್ದು ಅಡುಗೆಮನೆಗೆ ಹೋದಳು.

ಈ ದೀಪದ ದೊಡ್ಡಸ್ತಿಕೆ ಏನೆಂದರೆ, ಇದರಲ್ಲಿ ಬಲ್ಬು ಕಾಣುವುದಿಲ್ಲ. ಅದು ಕೊಂಬೆಗಳ ಸಂದಿಯಲ್ಲಿ ಅಡಗಿ ಕುಳಿತು ಬೆಳಕನ್ನು ಗೋಡೆಗೆ ಚೆಲ್ಲುತ್ತದೆ. ಗೋಡೆಯ ತುಂಬ ಕೊಂಬೆಗಳದೇ ನೆರಳು. ಹಿಂದಿನವರು ದೀಪ ಹಚ್ಚುತ್ತಿದ್ದುದು ಬೇರೆ ಏನನ್ನಾದರೂ ನೋಡಲು. ಈಗ ದೀಪವನ್ನೇ ನೋಡಬೇಕು, ನೋಡಿ ಭೇಷ್ ಅನ್ನಬೇಕು. ನಮ್ಮ ಕಡೆ ಹಿರಿಯರು ದೀಪ 'ಆರಿಸು' ಅನ್ನುವುದಿಲ್ಲ, 'ಶಾಂತ ಮಾಡು' ಅನ್ನುತ್ತಾರೆ. ಮುಸ್ಸಂಜೆ ದೀಪ ಹತ್ತಿತೆಂದರೆ, ಹಣತೆಯಿರಲಿ ಬಲ್ಬಿರಲಿ, ಅದರತ್ತ ತಿರುಗಿ 'ಶರಣು' ಎಂದು ಕೈಮುಗಿಯುತ್ತಾರೆ. ಇದನ್ನೆಲ್ಲ ತರಗತಿಯಲ್ಲಿ ಹೇಳಿ ಚಪ್ಪಾಳೆ ಹೊಡೆಸಿಕೊಂಡವನೂ ನಾನೇ.

ಹೊಸ ಮನೆಯ ವಾಸ್ತುಶಾಂತಿಗೆ ನೆಲೋಗಿಯಿಂದ ಅತ್ತಿ ಬಂದಿದ್ದಳು. ಅಪ್ಪನ ಅಕ್ಕ, ತಾಯಿಯಿಲ್ಲದ ನನಗೆ ಕೈತುತ್ತು ಹಾಕಿ ಬೆಳೆಸಿದವಳು. ಸಂಜೆ ಬೀಗರು, ನೆಂಟರ ಮುಂದೆ ಠೀವಿಯಿಂದ ಬಟನ್ ಒತ್ತಿದೆ. ಎಲ್ಲರೂ "ಅಬಬಬಾ!" ಎಂದರು. ಅತ್ತಿ ಎದ್ದು ನಿಂತು ಮೇಲೆ ನೋಡಿದಳು, ಗೋಡೆ ನೋಡಿದಳು, ಒಂದು ಸುತ್ತು ತಿರುಗಿದಳು. "ದೀಪ ಎಲ್ಲದನೋ ತಮ್ಮಾ?" ಎಂದಳು. ಬಟನ್ನಿನ ಪಕ್ಕ ಕರೆಂಟ್ ಇದೆಯೆಂದು ತೋರಿಸುವ ಒಂದು ಸಣ್ಣ ಕೆಂಪು ಚುಕ್ಕೆ ಬೆಳಗುತ್ತಿತ್ತು. ಅದು ಕಂಡಿದ್ದೇ ತಡ, ಕೈಮುಗಿದು "ಶರಣು" ಎಂದಳು.

ಎಲ್ಲರೂ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ಅಲ್ಲಿಗೇ ಬಿಟ್ಟಿದ್ದರೂ ಆಗುತ್ತಿತ್ತು. ಈ ಹಾಳು ಬಾಯಿ ಸುಮ್ಮನಿರಬೇಕಲ್ಲ! ಅಫಜಲಪುರದ ಮದುವೆಯಲ್ಲಿ ಹೇಳಿದೆ, ಸ್ಟಾಫ್ ರೂಮಿನಲ್ಲಿ ಹೇಳಿದೆ, ಹೇಳಿದಾಗಲೆಲ್ಲ ಒಂದಿಷ್ಟು ಉಪ್ಪುಖಾರ ಹಚ್ಚಿದೆ. ಆಮೇಲೊಮ್ಮೆ ಆಳಂದದಲ್ಲಿ ನೆಂಟರ ಮಗುವಿನ ತೊಟ್ಟಿಲ ಕಾರ್ಯಕ್ಕೆ ಅತ್ತಿಯೊಡನೆ ಹೋಗಿದ್ದೆ. ಊಟದ ಸಾಲಿನಲ್ಲಿ ಗುರುತಿಲ್ಲದ ಹೆಣ್ಣುಮಗಳೊಬ್ಬಳು ಅತ್ತಿಯನ್ನು ಕೇಳಿಯೇಬಿಟ್ಟಳು: "ಬಟನ್ನಿಗೆ ಶರಣು ಮಾಡಿದೋರು ನೀವೇ ಏನ್ರಿ?"

ಅತ್ತಿ ನನ್ನ ಕಡೆ ನೋಡಲಿಲ್ಲ. "ಹೌದ್ರಿ, ನಾನೇ" ಎಂದು ರೊಟ್ಟಿ ಮುರಿದಳು.

ಅಂದಿನಿಂದ ನಮ್ಮ ಮನೆಗೆ ಬಂದಾಗಲೆಲ್ಲ ದೀಪ ಹತ್ತುವ ಹೊತ್ತಿಗೆ ಅವಳ ಕೈ ಮಡಿಲಲ್ಲೇ ಇರುತ್ತದೆ. ಯಾಕೆ ಕೈಮುಗಿಯುವುದಿಲ್ಲ ಎಂದು ಒಮ್ಮೆ ಕೇಳಿದೆ. "ಮರ್ತು ಹೋಗ್ತದಪಾ, ವಯಸ್ಸಾತು" ಎಂದಳು. ಎಪ್ಪತ್ತು ವರ್ಷ ಮರೆಯದ್ದು ಈಗ ಮರೆತೀತೆ? ತಪ್ಪಾಯಿತು ಅನ್ನಬೇಕಿತ್ತು. ಊರೂರಲ್ಲಿ ಕಥೆ ಹೇಳಿದ ಬಾಯಿಗೆ ಆ ಒಂದು ಮಾತು ಬರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಮೊನ್ನೆ ಅತ್ತಿ ಬಂದಿದ್ದಾಗ ಸಂಜೆ ಕರೆಂಟ್ ಹೋಯಿತು. ಹೆಂಡತಿ ಹಣತೆ ಹಚ್ಚಿ ತಂದಿಟ್ಟಳು. ಅತ್ತಿಯ ಕೈಗಳು ತಾವಾಗಿಯೇ ಮೇಲೆದ್ದವು. ಅಷ್ಟರಲ್ಲಿ ಎದುರಿಗೆ ನಾನಿರುವುದು ನೆನಪಾಗಿರಬೇಕು, ಸರಕ್ಕನೆ ಅವನ್ನು ಸೆರಗಿನೊಳಗೆ ಎಳೆದುಕೊಂಡಳು. ಎದ್ದು ಹೋಗಿ ಹಣತೆಯ ಮುಂದೆ ನಾನೇ ಕೈಮುಗಿದು ನಿಂತೆ. ಇವತ್ತಾದರೂ ಹೇಳಿಬಿಡೋಣ ಎಂದು ಬಾಯಿ ತೆರೆದೆ, ಕರೆಂಟ್ ಬಂತು. ಜಾಲಿಗಿಡ ಝಗ್ಗೆಂದಿತು. ತೆರೆದ ಬಾಗಿಲಾಚೆ ಪಕ್ಕದ ಮನೆಯವರ ಮಾತು ಕೇಳಿಸುತ್ತಿತ್ತು.

ಅತ್ತಿ ಹತ್ತಿರ ಬಂದು ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದಳು:

"ಕೈ ಇಳಸೋ ತಮ್ಮಾ. ಯಾರರ ನೋಡಿದ್ರ ನಗ್ತಾರ."