ಮಾವನ ಕಾರಿಗೆ ಎಣ್ಣೆ ಬದಲಿಸಿದ ಆದಿತ್ಯವಾರ

ವಾಮದಪದವಿನ ನಮ್ಮ ಮಾವ ನನ್ನ ತಾಯಿಯ ಅಣ್ಣನೂ ಹೌದು, ಹೆಂಡತಿಯ ಅಪ್ಪನೂ ಹೌದು. ಒಂದೇ ಸಂಬಂಧವಾಗಿದ್ದರೆ ಏನಾದರೂ ನೆಪ ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಎರಡೂ ಸೇರಿದ ಮೇಲೆ ಕರೆದಾಗ ಹೋಗಲೇಬೇಕು. ಅರುವತ್ತರ ದಶಕದ ಮೊದಲ ವರ್ಷಗಳವು. ನಾನು ಬಂಟ್ವಾಳದಲ್ಲಿ ಶಾಲೆಯ ಮಾಸ್ಟ್ರು. ಮಾವ ಮಂಗಳೂರಿನಿಂದ ಒಂದು ಹಳೆಯ ಕಾರು ಕೊಂಡು ತಂದಿದ್ದರು.

ಒಮ್ಮೆ ಧರ್ಮಸ್ಥಳಕ್ಕೆ ಹೋಗಿ ಬರುವಾಗ ಆ ಕಾರು ಹಿಂಬದಿಯಿಂದ ನಾಯಿಯ ಹಾಗೆ ಊಳಿಡತೊಡಗಿತು. ಬಂಟ್ವಾಳದ ಮೆಕ್ಯಾನಿಕ್ ಕಿವಿಗೊಟ್ಟು ಕೇಳಿ, ಡಿಫರೆನ್ಶಿಯಲ್ಲಿನ ಎಣ್ಣೆ ಸತ್ತಿದೆ, ಬದಲಿಸಬೇಕು ಎಂದ. ಹಿಂದಿನ ಎರಡು ಚಕ್ರಗಳ ನಡುವೆ, ಕಾರಿನ ಅಡಿಯಲ್ಲಿ, ಕುಂಬಳಕಾಯಿಯಂಥ ಒಂದು ಕಬ್ಬಿಣದ ಗುಂಡು ಇರುತ್ತದಲ್ಲ, ಅದೇ ಡಿಫರೆನ್ಶಿಯಲ್. ಚಕ್ರಗಳನ್ನು ತಿರುಗಿಸುವ ಹಲ್ಲುಗಳು ಅದರೊಳಗೆ ಎಣ್ಣೆಯಲ್ಲಿ ಮುಳುಗಿರುತ್ತವೆ. ಅರ್ಧ ಗಂಟೆಯ ಕೆಲಸ, ಬಿಟ್ಟು ಹೋಗಿ ಎಂದ ಆತ.

ಮಾವ ನನ್ನನ್ನು ಬದಿಗೆ ಕರೆದರು. "ಇವರೆಲ್ಲ ಹಳೆ ಎಣ್ಣೆಯನ್ನೇ ಸೋಸಿ ಹಾಕುವುದು ಮಾರಾಯ. ಮನೆಯಲ್ಲೇ ಮಾಡುವ. ಕಾರಿನ ಪುಸ್ತಕ ಉಂಟಲ್ಲ."

ಮಾಡುವ ಎಂದರೆ ನೀನು ಮಾಡು, ನಾನು ಪುಸ್ತಕ ಓದುತ್ತೇನೆ ಎಂದು ಅರ್ಥ.

ಅದಕ್ಕೆ ಅವರು ಆರಿಸಿದ್ದು ಆದಿತ್ಯವಾರ. ಅದೇ ದಿನ ಶಿರ್ತಾಡಿಯಲ್ಲಿ, ಗಂಡನ ಮನೆಯಲ್ಲಿ, ಅವರ ಕಿರಿಯ ಮಗಳ ಬಯಕೆ, ಎಂದರೆ ಸೀಮಂತ. ಏಳು ತಿಂಗಳ ಬಸುರಿ. ಊಟ ಮುಗಿಸಿ ಅವಳನ್ನು ಹೆರಿಗೆಗೆ ತವರಿಗೆ ಕರೆತರಬೇಕಾದದ್ದೂ ಇದೇ ಕಾರಿನಲ್ಲಿ.

"ಆ ದಿನ ಬೇಡ ಮಾವ. ಬುಧವಾರ ನನಗೆ ರಜೆ ಉಂಟು, ಆಗ ಮಾಡುವ" ಎಂದೆ.

"ಊಳಿಡುವ ಕಾರಿನಲ್ಲಿ ಬಸುರಿಯನ್ನು ಕೂರಿಸುವುದಾ? ಎಂಟು ಗಂಟೆಯೊಳಗೆ ಮುಗಿಯುತ್ತದೆ."

ಹಿಂದಿನ ದಿನವೇ ಹೆಂಡತಿಯೊಂದಿಗೆ ಹೋಗಿದ್ದ ನಾನು ಬೆಳಿಗ್ಗೆ ಆರಕ್ಕೆ ಮಾವನ ಅಂಗಳದಲ್ಲಿ ಗೋಣಿ ಹಾಸಿ ಕಾರಿನಡಿಗೆ ತೂರಿದೆ. ಮಾವ ಕುರ್ಚಿ ಹಾಕಿಕೊಂಡು, ಕನ್ನಡಕ ಏರಿಸಿ, ಪುಸ್ತಕದ ಇಂಗ್ಲಿಷನ್ನು ಗಟ್ಟಿಯಾಗಿ ಓದಿದರು. ಗುಂಡಿನ ಕೆಳಗಿನ ಬಿರಡೆಯನ್ನು ಸ್ಪ್ಯಾನರಿನಿಂದ ಬಿಚ್ಚಿದೆ. ಕಪ್ಪು ಎಣ್ಣೆ ಬಾಣಲೆಗೂ ನನ್ನ ತೋಳಿಗೂ ಸುರಿಯಿತು. ಕೊಳೆತ ಮೊಟ್ಟೆಯನ್ನು ಹುರಿದಂಥ ವಾಸನೆ. ಎಲ್ಲ ಸೋರಿದ ಮೇಲೆ ಕೆಳಗಿನದನ್ನು ಬಿಗಿದು, ಹೊಸ ಎಣ್ಣೆ ಹೊಯ್ಯುವ ಮೇಲಿನ ಬಿರಡೆಗೆ ಕೈಹಾಕಿದೆ. ಅದಕ್ಕೆ ಸ್ಪ್ಯಾನರಿಗೆ ಸಿಗುವಂಥ ತಲೆಯೇ ಇರಲಿಲ್ಲ. ನಡುವೆ ಒಂದು ಚೌಕದ ತೂತು ಮಾತ್ರ.

"ಮಾವ, ಇದಕ್ಕೆ ಬೇರೆ ಕೀಲಿ ಬೇಕು. ಪುಸ್ತಕದಲ್ಲಿ ಏನುಂಟು?"

ಹಾಳೆ ತಿರುವಿದ ಸದ್ದು. "ಎಣ್ಣೆ ತೆಗೆಯುವ ಮೊದಲೇ ಮೇಲಿನದು ಬಿಚ್ಚುತ್ತದಾ ನೋಡಬೇಕಂತೆ."

ಹಳೆಯ ಎಣ್ಣೆ ಹೋಯಿತು, ಹೊಸದು ಹೊಯ್ಯುವಂತಿಲ್ಲ, ಕಾರು ಕದಲುವಂತಿಲ್ಲ. ನಾನು ಕಾರಿನಡಿಯಿಂದ ಹೊರಬಂದೆ. "ಆ ಸಾಲು ಮೊದಲೇ ಓದಬಾರದಿತ್ತಾ? ಬುಧವಾರ ಮಾಡುವ ಅಂತ ಎಷ್ಟು ಸಲ ಹೇಳಿದೆ! ನಿಮಗೆ ಕುರ್ಚಿಯಲ್ಲಿ ಕೂತು ಹೇಳಲಿಕ್ಕೆ ಏನು?" ಅವರೆದುರು ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅದೇ ಮೊದಲು. ಜರಿ ಸೀರೆ ಉಟ್ಟು ಜಗಲಿಗೆ ಬಂದ ನನ್ನ ಹೆಂಡತಿ ಹಾಗೇ ಒಳಗೆ ಹೋದಳು. ಮಾವ ಪುಸ್ತಕ ಮುಚ್ಚಿ ಕನ್ನಡಕ ತೆಗೆದರು.

ದಾರಿ ತೋರಿಸಿದ್ದು ಅತ್ತೆ. ರೊಟ್ಟಿಗೆಂದು ನಾದಿದ ಅಕ್ಕಿಹಿಟ್ಟಿನಲ್ಲಿ ಒಂದು ಉಂಡೆ ತಂದು ಕೊಟ್ಟು, "ಇದನ್ನು ಆ ತೂತಿಗೆ ಒತ್ತಿ ತೆಗೆ. ಅಳತೆ ನೋಡಿ ಆಚಾರಿ ಮಾಡಿ ಕೊಡುತ್ತಾನೆ" ಎಂದರು. ಹಿಟ್ಟು ಚೌಕವಾಗಿ ಅಚ್ಚಾಗಿ ಬಂತು. ನಾನು ಅಂಗಿ ಹಾಕಿಕೊಳ್ಳುವಷ್ಟರಲ್ಲಿ ಮಾವ ಅದನ್ನು ಬಾಳೆಲೆಯಲ್ಲಿ ಸುತ್ತಿಕೊಂಡು, ಕೊಡೆ ಹಿಡಿದು ಹೊರಟೇಬಿಟ್ಟಿದ್ದರು. ಕಮ್ಮಾರ ಆಚಾರಿಯ ಮನೆ ಒಂದೂವರೆ ಮೈಲಿ, ಅದೂ ಗುಡ್ಡ ಹತ್ತಿ ಇಳಿಯುವ ದಾರಿ. ಹೆಂಗಸರು ಹೂವು, ತಿಂಡಿಯ ಬುಟ್ಟಿ ಹಿಡಿದುಕೊಂಡು ಬಸ್ಸಿಗೆ ಹೋದರು.

ಮಾವ ಬಂದಾಗ ಹನ್ನೊಂದು ದಾಟಿತ್ತು. ಪಂಚೆಯ ಅಂಚೆಲ್ಲ ಕೆಂಪು ಮಣ್ಣು. ನೆಲ ಅಗೆಯುವ ಪಿಕ್ಕಾಸಿನ ತುಂಡಾದ ಮೂತಿಯನ್ನು ಕಾಯಿಸಿ ಬಡಿದ ಕೀಲಿ ಅವರು ಹಿಡಿದ ಕೈಯ ಬಿಸಿಗೆ ಬೆಚ್ಚಗಿತ್ತು. "ಸಿಗುತ್ತದಾ ನೋಡು" ಎಂದಷ್ಟೇ ಹೇಳಿದರು. ಅವರ ಏದುಸಿರು ಕೇಳಿ ನನಗೆ ನಾಚಿಕೆಯಾಯಿತು, ಸಿಟ್ಟು ಮಾತ್ರ ಇಳಿಯಲಿಲ್ಲ. ಕೀಲಿ ಸರಿಯಾಗಿ ಕೂತಿತು. ಸುತ್ತಿಗೆಯ ನಾಲ್ಕನೆಯ ಪೆಟ್ಟಿಗೆ ಬಿರಡೆ ಕದಲಿತು.

ಹೊಸ ಎಣ್ಣೆ ಕಾಕಂಬಿಯಷ್ಟು ಗಟ್ಟಿ. ಡಬ್ಬಿಯನ್ನು ಬಿಸಿನೀರಿನಲ್ಲಿಟ್ಟು, ಲಾಳಿಕೆಗೆ ರಬ್ಬರ್ ಕೊಳವೆ ಸಿಕ್ಕಿಸಿ, ಮಾವ ಮೇಲಿನಿಂದ ಹೊಯ್ದರು. ನಾನು ಕೆಳಗೆ ಕೊಳವೆ ಹಿಡಿದು ಮಲಗಿದೆ. ಒಂದು ಗಂಟೆ ಬೇಕಾಯಿತು. ತುಂಬಿತೆಂದು ನನಗೆ ಗೊತ್ತಾದದ್ದು ಎಣ್ಣೆ ಹಣೆಗೆ ಬಿದ್ದಾಗ. "ಸಾಕು ಮಾವ" ಎಂದರೆ, "ಪುಸ್ತಕದ ಲೆಕ್ಕಕ್ಕೆ ಇನ್ನೂ ಸ್ವಲ್ಪ ಉಂಟು" ಎಂದು ಮತ್ತೂ ಹೊಯ್ದರು.

ಶಿರ್ತಾಡಿ ಮುಟ್ಟುವಾಗ ಪಂಕ್ತಿ ಎದ್ದು ಬಹಳ ಹೊತ್ತಾಗಿತ್ತು. ಉಳಿದದ್ದನ್ನು ಉಂಡು, ಮುಡಿತುಂಬ ಹೂವಿದ್ದ ನಾದಿನಿಯನ್ನೂ ಅತ್ತೆಯನ್ನೂ ನನ್ನ ಹೆಂಡತಿಯನ್ನೂ ಹಿಂದೆ ಕೂರಿಸಿಕೊಂಡು ಹೊರಟೆವು. ಊಳಾಟ ಅರ್ಧಕ್ಕರ್ಧ ಇಳಿದಿತ್ತು. "ಶಬ್ದ ಉಂಟಾ ಮಗಾ?" ಎಂದು ಮಾವ ಕಿರಿಯ ಮಗಳನ್ನು ಕೇಳಿದರು.

"ಶಬ್ದ ಇರಲಿ ಅಪ್ಪಾ, ಈ ವಾಸನೆ ಎಂಥದ್ದು? ನನಗೆ ವಾಂತಿ ಬರುತ್ತದೆ."

ವಾಸನೆ ನನ್ನದು. ಎರಡು ಸಲ ಸೋಪು ಹಾಕಿ ಉಜ್ಜಿದ್ದರೂ ಹೋಗಿರಲಿಲ್ಲ. ಮಾವ ಕಾರು ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಇಳಿದೆ. ಬೆಳಗಿನಿಂದ ದುಡಿದವನು ರಸ್ತೆಯ ಬದಿಯಲ್ಲಿ ನಿಂತು ಬಸ್ಸು ಕಾದೆ.

ವಾಮದಪದವಿನಲ್ಲಿ ಬಸ್ಸಿಳಿದಾಗ ಮಾವ ಒಬ್ಬರೇ ಪೇಟೆಯಲ್ಲಿ ನಿಂತಿದ್ದರು. "ಬಾ, ನೀರು ಕಾಯಿಸಿ ಇಟ್ಟಿದ್ದಾರೆ" ಎಂದರು. ಸ್ವಲ್ಪ ದೂರ ನಡೆದ ಮೇಲೆ, ನನ್ನ ಕಡೆ ನೋಡದೆ, "ಇನ್ನೊಮ್ಮೆ ಬದಲಿಸುವಾಗ ಬಂಟ್ವಾಳದಲ್ಲೇ ಬಿಡುವ" ಎಂದರು.

ನಾನು ನೇರ ಬಚ್ಚಲಿಗೆ ಹೋಗಿ ಮೂರನೆಯ ಸಲ ಸೋಪು ಹಾಕಿ ಉಜ್ಜಿದೆ. ಸೋಮವಾರ ತರಗತಿಯಲ್ಲಿ ಮುಂದಿನ ಬೆಂಚಿನ ಮಕ್ಕಳು ನನ್ನನ್ನು ಕೇಳದೆಯೇ ಎದ್ದು ಕಿಟಕಿ ತೆರೆದರು.